ಹುದುಗದ ದ್ರಾಕ್ಷಾರಸ

ಶುಕ್ರವಾರ ಹೊತ್ತು ಮುಳುಗುವ ಮೊದಲು ಮುಂಬೈ, ಠಾಣೆಗಳ ಬೆನೆ ಇಸ್ರೇಲ್ ಯೆಹೂದಿಗಳ ಮನೆಗಳಲ್ಲಿ ಕಪ್ಪು ಒಣದ್ರಾಕ್ಷಿ ನೀರಿನಲ್ಲಿ ನೆನೆದಿರುತ್ತದೆ. ಮೆತ್ತಗಾದದ್ದನ್ನು ಕಿವುಚಿ ಸೋಸಿದರೆ ಸಿಹಿ ಶರಬತ್ತು. ವಿಶ್ರಾಂತಿಯ ದಿನವಾದ ಸಬ್ಬತ್ತನ್ನು ಬರಮಾಡಿಕೊಳ್ಳುವ ಕಿದ್ದೂಷ್ ಪ್ರಾರ್ಥನೆ ನಡೆಯುವುದು ಈ ಶರಬತ್ತಿನ ಬಟ್ಟಲಿನ ಮುಂದೆ. ಬೇರೆ ದೇಶಗಳ ಯೆಹೂದಿಗಳು ಸಾಮಾನ್ಯವಾಗಿ ಅದರಲ್ಲಿ ವೈನ್ ತುಂಬುತ್ತಾರೆ.

ಹಾಗಾದರೆ ದೇವರ ಮುಂದಿಡುವ ಪದಾರ್ಥದಲ್ಲಿ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲಾಗದು?

ಬಾಡಿದ ದ್ರಾಕ್ಷಿಯೇ ವೈನಾಗುವ ಊರೂ ಒಂದಿದೆ. ಗ್ರೀಸಿನ ಸಾಂಟೊರಿನಿ ಜ್ವಾಲಾಮುಖಿ ಉಗುಳಿದ ಬೂದಿಯ ದ್ವೀಪ. ಕಡಲಗಾಳಿಗೆ ಹೆದರಿ ಅಲ್ಲಿನ ರೈತರು ಬಳ್ಳಿಯನ್ನು ನೆಲದ ಮೇಲೆಯೇ ಬುಟ್ಟಿಯಂತೆ ಸುತ್ತುತ್ತಾರೆ. ಅಸಿರ್ಟಿಕೊ ಎಂಬ ಬಿಳಿ ದ್ರಾಕ್ಷಿಯನ್ನು ಬಿಸಿಲಿಗೆ ಹರವಿ, ಬಾಡಿದ ಮೇಲೆ ಹಿಂಡಿ, ಹುದುಗಿಸಿ, ಕನಿಷ್ಠ 2 ವರ್ಷ ಓಕ್ ಪೀಪಾಯಿಯಲ್ಲಿ ಇಟ್ಟರೆ ವಿನ್‌ಸಾಂಟೊ. ಒಂದು ಕಾಲಕ್ಕೆ ಅದು ರಷ್ಯದ ಆರ್ಥಡಾಕ್ಸ್ ಚರ್ಚುಗಳ ಬಲಿಪೀಠಕ್ಕೆ ಹೋಗುತ್ತಿತ್ತು. ಮುಂಬೈಯೂ ಲಾವಾ ಹೆಪ್ಪುಗಟ್ಟಿದ ಕಲ್ಲಿನ ದ್ವೀಪಗಳನ್ನು ಬೆಸೆದು ಆದ ಊರು; ಅಂಧೇರಿಯ ಗಿಲ್ಬರ್ಟ್ ಹಿಲ್ ಅದಕ್ಕೆ ಸಾಕ್ಷಿ. ಆದರೆ ಕೊಂಕಣದ ಮಳೆ ವೈನಿನ ಬಳ್ಳಿಗೆ ಹೇಳಿದ್ದಲ್ಲ. ಎರಡೂ ಕಡೆ ಬಾಡಿದ ದ್ರಾಕ್ಷಿಯೇ. ಒಂದು ಪೀಪಾಯಿ ಸೇರಿತು, ಇನ್ನೊಂದು ನೀರಿಗೆ ಬಿತ್ತು.

ಬೆನೆ ಇಸ್ರೇಲರು ಬಿಟ್ಟದ್ದು ಬಹಳ. ಹೀಬ್ರೂ ಮರೆತು ಮರಾಠಿಯಾಡಿದರು. ಶತಮಾನಗಳ ಕಾಲ ಅವರಿಗೆ ರಬ್ಬಿಗಳೂ ಇರಲಿಲ್ಲ. ಆದರೂ ಎಣ್ಣೆ ತೆಗೆಯುವ ಕಸುಬಿನ ಅವರು ಸಬ್ಬತ್ ದಿನವಾದ ಶನಿವಾರ ಗಾಣ ತಿರುಗಿಸಲಿಲ್ಲ. ಅದಕ್ಕೇ ಕೊಂಕಣದ ಜನ ಅವರನ್ನು ‘ಶನಿವಾರ್ ತೇಲಿ’, ಅಂದರೆ ಶನಿವಾರದ ಗಾಣಿಗರು, ಎಂದರು. ಅವರಲ್ಲೊಬ್ಬ ಸ್ಯಾಮ್ಯುಯೆಲ್ ದಿವೇಕರ್, ಕಂಪನಿ ಸೈನ್ಯದಲ್ಲಿದ್ದು ಟಿಪ್ಪುವಿನ ಸೆರೆಯಾಳಾದವನು. ಬಿಡುಗಡೆಯಾಗಿ ಬಂದು 1796ರಲ್ಲಿ ಮುಂಬೈಯ ಮೊದಲ ಸಿನಗಾಗ್ ಕಟ್ಟಿಸಿದ. ಮಸ್ಜಿದ್ ಬಂದರ್‌ನ ಸ್ಯಾಮ್ಯುಯೆಲ್ ಸ್ಟ್ರೀಟಿಗೆ ಅವನದೇ ಹೆಸರು.

ಮೈಸೂರಿನ ಸೆರೆವಾಸ ಅನುಭವಿಸಿ ಬಂದ ಆ ಮನುಷ್ಯನ ಸಮುದಾಯ ಬಟ್ಟಲಿನ ವಿಷಯದಲ್ಲಿ ತೋರಿದ ಹಟ ಗೌರವಕ್ಕೆ ತಕ್ಕದ್ದು. ಕೊಂಕಣದಲ್ಲಿ ಎಳನೀರಿತ್ತು, ಕೋಕಂ ಇತ್ತು. ಪ್ರವಾದಿ ಎಲೀಯನ ಹೆಸರಿನ ಮಲೀದಾ ಹರಕೆಗೆ ಅವಲಕ್ಕಿ, ತೆಂಗಿನಕಾಯಿಯನ್ನು ಧಾರಾಳವಾಗಿ ಒಪ್ಪಿಕೊಂಡವರು ಕಿದ್ದೂಷ್‌ಗೆ ಮಾತ್ರ ದ್ರಾಕ್ಷಿಯನ್ನೇ ಹುಡುಕಿದರು. ಒಣದ್ರಾಕ್ಷಿಯ ರಸಕ್ಕೆ ಯೆಹೂದಿಗಳ ಧರ್ಮಗ್ರಂಥ ತಾಲ್ಮುದಿನಲ್ಲೂ ಒಪ್ಪಿಗೆಯಿದೆ.

ಕ್ಯಾಥೊಲಿಕರ ನಿಯಮ ಇನ್ನೂ ಬಿಗಿ. ಬಾಂದ್ರಾ, ಅಂಧೇರಿಯ ಚರ್ಚುಗಳಲ್ಲಿ ಮಂಗಳೂರು ಕಡೆಯವರೂ ಸೇರುವ ಬಲಿಪೂಜೆಗೆ ದ್ರಾಕ್ಷಿಯಿಂದಲೇ ಆದ, ಕೆಡದ, ಸಹಜ ವೈನ್ ಬೇಕೆಂದು 1983ರ ಚರ್ಚ್ ಸಂಹಿತೆ ಹೇಳುತ್ತದೆ. 1949ರ ಮುಂಬೈ ಪಾನನಿಷೇಧ ಕಾಯ್ದೆಯೂ ಪೂಜೆಯ ವೈನಿಗೆ ಅವಕಾಶ ಉಳಿಸಿತು. ಆದರೆ ಮದ್ಯ ಮುಟ್ಟಲಾಗದ ಪಾದ್ರಿಗೆ, ಬಿಷಪ್ಪರ ಅನುಮತಿ ಇದ್ದರೆ, ಹುದುಗು ತಡೆದ ದ್ರಾಕ್ಷಿರಸ ನಡೆಯುತ್ತದೆ. ಅಲ್ಲೂ ಸಡಿಲವಾದದ್ದು ಹುದುಗು, ಹಣ್ಣು ಬದಲಾಗಲಿಲ್ಲ.

ಎಲ್ಲ ಪದಾರ್ಥವೂ ದೇವರಿಗೆ ಒಂದೇ ಎನ್ನುವವರ ಭಾವ ದೊಡ್ಡದು. ಆದರೆ ಎಲ್ಲವೂ ಒಂದೇ ಆದಲ್ಲಿ ಹುಡುಕುವ ಶ್ರಮವೂ ಉಳಿಯದು, ಆ ಶ್ರಮದಲ್ಲಿರುವ ಭಕ್ತಿಯೂ ಉಳಿಯದು.

ಈಗ ಪಕ್ಕದ ನಾಸಿಕದಲ್ಲೇ ವೈನರಿಗಳು ಬೇಕಾದಷ್ಟಿವೆ. ಆದರೆ ಯೆಹೂದಿಗಳ ಆಹಾರನಿಯಮವಾದ ಕೋಷರ್ ಕಟ್ಟಳೆಯಂತೆ ದ್ರಾಕ್ಷಿ ಹಿಂಡಿದಲ್ಲಿಂದ ವೈನನ್ನು ನಿರ್ವಹಿಸುವ ಕೈಗಳು ಸಬ್ಬತ್ ಪಾಲಿಸುವ ಯೆಹೂದಿಗಳವೇ ಆಗಿರಬೇಕು. ಹಾಗಾಗಿ ಅಂಗಡಿಯಲ್ಲಿ ಕಂಡ ಬಾಟಲಿಯನ್ನೆಲ್ಲ ಆ ಬಟ್ಟಲಿಗೆ ಸುರಿಯಲಾಗದು. ಒಣದ್ರಾಕ್ಷಿಗೆ ಆ ತೊಡಕಿಲ್ಲ, ಮನೆಯವರೇ ನೆನೆಸಿ ಹಿಂಡಿಕೊಳ್ಳಬಹುದು.