ಬಲ ಎಲ್ಲಿ ನಿಂತಿದೆ?

ಅಪೊಸ್ತಲರ ಕೃತ್ಯಗಳು ಒಂದನೇ ಅಧ್ಯಾಯದ ಎಂಟನೇ ವಚನವನ್ನು ಈಗಷ್ಟೇ ಓದಿದೆವು. ಪವಿತ್ರಾತ್ಮನು ಬಂದಾಗ ಬಲ ಸಿಗುತ್ತದೆ ಎಂಬ ವಾಗ್ದಾನ ಅದು. ಕೊಟ್ಟ ಮಾತಿಗೆ ತಪ್ಪುವ ದೇವರಲ್ಲ ನಮ್ಮ ದೇವರು. ಹಾಗಾದರೆ ನಮ್ಮ ಮನೆಗಳಲ್ಲಿ ಆ ಬಲ ಯಾಕೆ ಕಾಣ್ತಾ ಇಲ್ಲ?

ನಮ್ಮ ಗೇರುಸೊಪ್ಪದ ಶರಾವತಿ ಪವರ್ ಹೌಸಿನಲ್ಲಿ 60 ಮೆಗಾವಾಟಿನ ನಾಲ್ಕು ಯಂತ್ರ ಇವೆ, ಒಟ್ಟು 240 ಮೆಗಾವಾಟ್. ಆದರೂ ಮನೆಯ ಫ್ಯೂಸ್ ಹೋದರೆ ಕತ್ತಲೆಯೇ ಅಲ್ವಾ?

ನಮ್ಮ ಸಭೆಯ ಒಬ್ಬ ಸಹೋದರನ ಹಳೇ ಜೀಪಿನ ವಿಷಯ ಹೇಳುತ್ತೇನೆ. ಫೋರ್ ವೀಲ್ ಗಾಡಿ. ಮೊದಲ ಮಳೆ ಬಿದ್ದ ಮೇಲೆ ತೋಟದ ಏರಿನಲ್ಲಿ ಹಿಂದಿನ ಚಕ್ರ ಕೆಸರು ಹಾರಿಸ್ತಾ ಅಲ್ಲೇ ತಿರುಗ್ತದೆ, ಮುಂದಿನದು ಅಲುಗೋದೇ ಇಲ್ಲ. ಲಿವರ್ ಹಾಕಿದಾನೆ, ಎದುರಿನ ದೀಪ ಹತ್ತಿದೆ. ಇಂಜಿನ್ನಿಗೆ ಬಲ ಇಲ್ಲ, ಇಳಿಸಬೇಕು ಅಂತ ಒಬ್ಬರು ಹೇಳಿದರು. ದೊಡ್ಡ ಖರ್ಚು. ಆದರೆ ಆ ಮೇಲಿನ ಮನೆಯಲ್ಲಿ ವಯಸ್ಸಾದ ಅಮ್ಮ ಇದ್ದಾರೆ. ಮಳೆಗಾಲದಲ್ಲಿ ರಾತ್ರಿ ಎದೆನೋವು ಬಂದರೆ ಹೊನ್ನಾವರದ ಆಸ್ಪತ್ರೆಗೆ ಇಳಿಸಲಿಕ್ಕೆ ಬೇರೆ ಗಾಡಿ ಆ ದಾರಿ ಹತ್ತೋದಿಲ್ಲ.

ಕೊನೆಗೆ ಒಬ್ಬ ಹಿರಿಯ ಮೆಕ್ಯಾನಿಕ್ ಬಂದರು. ನಾನೂ ಅಲ್ಲಿದ್ದೆ. ಅವರು ಬಾನೆಟ್ ತೆಗೆಯಲೇ ಇಲ್ಲ. ಗಾಡಿಯನ್ನು ಪುನಃ ಅದೇ ಕೆಸರಿಗೆ ಹಾಕಿಸಿ, ದೂರದಲ್ಲಿ ಬಗ್ಗಿ ಕೂತು ಅಡಿಭಾಗ ನೋಡಿದರು. ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಚೆನ್ನಾಗಿ ತಿರುಗ್ತಾ ಇತ್ತು. ಅಂದರೆ ಇಂಜಿನ್ ಸರಿ, ಗೇರ್ ಬಾಕ್ಸ್ ಸರಿ, ಟ್ರಾನ್ಸ್‌ಫರ್ ಕೇಸೂ ಸರಿ. ಬಲ ಚಕ್ರದ ಹತ್ತಿರದವರೆಗೆ ಬಂದಿದೆ! ಆಮೇಲೆ ಎರಡೂ ಹಬ್ ಬಿಚ್ಚಿದರು. ಬಲಗಡೆಯದು ಚೊಕ್ಕ ಇತ್ತು. ಎಡಗಡೆಯದರೊಳಗೆ ನೀರು, ಕೆಂಪು ಮಣ್ಣು, ತುಕ್ಕು. ಹೊರಗಿನ ಗುಂಡಿ ಲಾಕಿಗೆ ತಿರುಗಿತ್ತು, ಒಳಗೆ ಹಲ್ಲು ಕಚ್ಚಿರಲಿಲ್ಲ.

‘ಒಂದೇ ಹಬ್ ಹೋದರೆ ಎರಡು ಚಕ್ರ ಯಾಕೆ ನಿಲ್ತದೆ?’ ಅಂತ ಕೇಳಿದೆ. ಡಿಫರೆನ್ಶಿಯಲ್ ಬಲವನ್ನು ಸುಲಭವಾಗಿ ತಿರುಗುವ ಕಡೆಗೇ ಬಿಟ್ಟುಬಿಡ್ತದಂತೆ. ಎಡಗಡೆ ಆಕ್ಸಲ್ ಒಳಗೊಳಗೇ ಖಾಲಿ ತಿರುಗ್ತದೆ, ಸರಿಯಿರುವ ಬಲಗಡೆ ಚಕ್ರವೂ ಎಳೆಯೋದಿಲ್ಲ. ಮತ್ತೆ ಆ ದೀಪ? ಟ್ರಾನ್ಸ್‌ಫರ್ ಕೇಸಿನ ಸ್ವಿಚ್ಚಿನಿಂದ ಹತ್ತುವಂಥದ್ದು. ಒಳಗೆ ಗೇರ್ ಬಿತ್ತು ಅಂತ ಮಾತ್ರ ಹೇಳ್ತದೆ, ಚಕ್ರದ ವಿಷಯ ಅದಕ್ಕೆ ಗೊತ್ತಿಲ್ಲ. (ಜೀಪ್ ಇರುವವರಿಗೆ ಇನ್ನೊಂದು ಮಾತು: ಇಂಥ ಗಾಡಿಯನ್ನು ಒಣ ಟಾರ್ ರೋಡಿನಲ್ಲಿ ಫೋರ್ ವೀಲಿನಲ್ಲಿ ಓಡಿಸಬೇಡಿ, ತಿರುವಿನಲ್ಲಿ ಬಿಗಿದುಕೊಳ್ತದೆ.)

ಪ್ರಿಯರೇ, ಭಾನುವಾರ ಕೈ ಎತ್ತಿ ಸ್ತುತಿಸುತ್ತೇವೆ, ಅನ್ಯಭಾಷೆಯಲ್ಲಿ ಪ್ರಾರ್ಥಿಸುತ್ತೇವೆ. ಒಳ್ಳೆಯದೇ, ದೀಪ ಹತ್ತಿದೆ. ಸೋಮವಾರ ಏರು ಬಂದಾಗ ಚಕ್ರ ಎಳೀತದೋ? ಎಳೀದಿದ್ದರೆ ‘ಕರ್ತನೇ, ಇನ್ನೂ ಬಲ ಕೊಡು’ ಅಂತ ಉಪವಾಸ ಕೂರ್ತೇವೆ. ಇಂಜಿನ್ ಇಳಿಸಲಿಕ್ಕೆ ಹೊರಟವರ ಹಾಗೆ! ಬಲ ಆಗಲೇ ಬಂದಿದೆ, ಎಲ್ಲಿ ನಿಂತಿದೆ ಅಂತ ನೋಡಬೇಕು.

ಈ ಸಭೆಯಲ್ಲೇ ಅಣ್ಣ ತಮ್ಮ ಇದ್ದೀರಿ, ಹೆಸರು ಹೇಳೋದಿಲ್ಲ. ತೋಟದ ಗಡಿಯ ವಿಷಯಕ್ಕೆ ಎರಡು ಮಳೆಗಾಲ ಮಾತಿಲ್ಲ. ಒಬ್ಬರು ಈ ಬದಿ, ಒಬ್ಬರು ಆ ಬದಿ ಕೂರ್ತೀರಿ. ನನ್ನ ಹಬ್ ಸರಿಯಿದೆ ಪಾಸ್ಟರೇ, ಅವನದೇ ತೊಂದರೆ ಅಂತೀರಿ. ಇರಬಹುದು. ಆದರೂ ಗಾಡಿ ನಿಂತಿದೆ, ಗಾಡಿಯೊಳಗೆ ನಿಮ್ಮ ತಾಯಿ ಕೂತಿದ್ದಾರೆ. ಮತ್ತಾಯ ಐದರಲ್ಲಿ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಅಂತ ಕರ್ತನು ಹೇಳುವಾಗ, ಯಾರದು ತಪ್ಪು ಅಂತ ಲೆಕ್ಕ ಕೇಳಲಿಲ್ಲ.

ಇವತ್ತು ಕರ್ತನ ಭೋಜನ ಇದೆ. ರೊಟ್ಟಿ ಮುರಿಯುವುದನ್ನು ಹತ್ತು ನಿಮಿಷ ತಡ ಮಾಡುತ್ತೇನೆ. ಹಾಡುವವರು ಮೆಲ್ಲಗೆ ಹಾಡಲಿ. ಯಾರು ಯಾರ ಹತ್ತಿರ ಹೋಗಬೇಕೋ, ಎದ್ದು ಹೋಗಿ. ನಾನು ಕಾಯುತ್ತೇನೆ.