ವರ್ಷ ತುಂಬದ ಮನೆಯ ಈಸ್ಟರ್

ಸುಲ್ತಾನ್‌ಪೇಟೆಗೆ ಮದುವೆ ಕಾರ್ಡ್ ಮಾಡಿಸೋಕೆ ಹೋದವರು ಗಮನಿಸಿರಬಹುದು, ಅಥವಾ ಗಮನಿಸದ ಹಾಗೆ ಇದ್ದುಬಿಟ್ಟಿರಬಹುದು: ಚಿನ್ನದ ಅಂಚಿನ ಗಣಪತಿ ಕಾರ್ಡ್ ತೋರಿಸುವ ಅಂಗಡಿಯಲ್ಲೇ ಉತ್ತರಕ್ರಿಯೆಯ ಪತ್ರಿಕೆಗೂ ಆರ್ಡರ್ ತಗೋತಾರೆ. ಒಂದರ ಮೂಲೆಗೆ ಅರಿಶಿನ ಹಚ್ಚುತ್ತೇವೆ. ಇನ್ನೊಂದನ್ನು ಓದಿದ ಮೇಲೆ ಮನೆಯೊಳಗೆ ಇಟ್ಟುಕೊಳ್ಳೋಕೆ ಅಜ್ಜಿ ಬಿಡೋದಿಲ್ಲ. ಸಂತೋಷ ಒಂದು ಕಡೆ, ಸಾವು ಇನ್ನೊಂದು ಕಡೆ, ಒಂದಕ್ಕೊಂದು ತಾಗಬಾರದು. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ವರ್ಷ ತುಂಬುವವರೆಗೆ ಹಬ್ಬ ಇಲ್ಲ ಅನ್ನೋದೂ ಇದೇ ಲೆಕ್ಕ.

ಈ ಪದ್ಧತಿಯ ಮೇಲೆ ನನಗೆ ತಕರಾರಿಲ್ಲ. ಅಪ್ಪನನ್ನು ಕಳೆದುಕೊಂಡವನು ನಾಲ್ಕನೇ ದಿನ ಕ್ಯಾಮೆರಾ ಆನ್ ಮಾಡಿ ಮೀಟಿಂಗ್‌ನಲ್ಲಿ ಕೂರಬೇಕಾದ ಕಾಲದಲ್ಲಿ, ಹಳಬರು ಕೊಟ್ಟ ಒಂದು ವರ್ಷ ದೊಡ್ಡ ಔದಾರ್ಯವೇ. ಆದರೆ ಹಬ್ಬವೇ ಒಂದು ಸಾವಿನಿಂದ ಶುರುವಾದರೆ?

ನನ್ನ ಗೆಳೆಯನೊಬ್ಬನ ಮನೆಯಲ್ಲಿ ಈ ಪ್ರಶ್ನೆ 2022ರಲ್ಲಿ ಎದ್ದಿತು. ಕನ್ನಡ ಕ್ರೈಸ್ತರು, ಪೇಟೆಯವರು. ಅವನ ತಂದೆ 2021ರ ಮೇ ತಿಂಗಳಲ್ಲಿ, ಕೋವಿಡ್‌ನ ಎರಡನೇ ಅಲೆಯಲ್ಲಿ ಹೋದರು. ಮುಂದಿನ ಈಸ್ಟರ್ ಏಪ್ರಿಲ್ 17ಕ್ಕೆ. ವರ್ಷ ತುಂಬಿರಲಿಲ್ಲ. ‘ಈ ಸಲ ಹಬ್ಬ ಬೇಡ, ನೋಡಿದವರು ಏನಂದ್ಕೋತಾರೆ’ ಅಂದರು ಅವರ ಕಡೆಯವರು (ಈ ವಿಷಯದಲ್ಲಿ ಎಲ್ಲ ಧರ್ಮದ ನೆಂಟರೂ ಒಂದೇ). ಗೆಳೆಯನ ತೊಂದರೆ ಬೇರೆ ಇತ್ತು. ‘ಮಗಾ, ಚರ್ಚಿಗೆ ಹೋಗೋದೇನೋ ಹೋಗ್ತೀವಿ. ಆದ್ರೆ ಹ್ಯಾಪಿ ಈಸ್ಟರ್ ಅಂತ ಬಾಯಿ ಬಿಟ್ಟು ಹೇಳಿದ್ರೆ ಅಪ್ಪನ್ನ ಮರೆತ ಹಾಗಾಗಲ್ವಾ?’

ಅವನು ಹೋಗೋದು ಅವೆನ್ಯೂ ರಸ್ತೆಯ ರೈಸ್ ಮೆಮೋರಿಯಲ್ ಚರ್ಚಿಗೆ. ಪುಸ್ತಕದಂಗಡಿಗಳ ಗದ್ದಲದಲ್ಲಿ ಎಷ್ಟೋ ಜನ ನೋಡದೆ ದಾಟಿಹೋಗುವ ಕಟ್ಟಡ ಅದು. ಆ ರೈಸ್ ಅಂದರೆ ಬೆಂಜಮಿನ್ ರೈಸ್, ನಮ್ಮ ಶಾಸನಗಳನ್ನೆಲ್ಲ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಕೂಡಿಟ್ಟ ಬಿ.ಎಲ್. ರೈಸ್ ಅವರ ತಂದೆ.

ಅವನ ಪ್ರಶ್ನೆ ತಲೆಯಲ್ಲಿ ಕೂತಿದ್ದರಿಂದ, ನಂಬಿಕೆಯ ಹಂಗಿಲ್ಲದ ನಾನು ನಾಲ್ಕೂ ಸುವಾರ್ತೆಗಳ ಕೊನೆಯ ಅಧ್ಯಾಯಗಳನ್ನು ಓದಿದೆ. ಬೇಕರಿಯ ಬಣ್ಣದ ಮೊಟ್ಟೆಗಳಿಂದ ಈಸ್ಟರನ್ನು ಅರ್ಥ ಮಾಡಿಕೊಂಡವರಿಗೆ ಅಲ್ಲಿ ಆಶ್ಚರ್ಯ ಕಾದಿದೆ. ಆ ಬೆಳಗ್ಗೆ ಯಾರೂ ಕುಣಿಯೋದಿಲ್ಲ. ಮಾರ್ಕನ ಅತಿ ಹಳೆಯ ಪ್ರತಿಗಳಲ್ಲಿ ಸಮಾಧಿಗೆ ಹೋದ ಹೆಂಗಸರು ಹೆದರಿ ಓಡಿಹೋಗುತ್ತಾರೆ, ಯಾರಿಗೂ ಏನೂ ಹೇಳೋದಿಲ್ಲ, ಕಥೆ ಅಲ್ಲಿಗೇ ನಿಲ್ಲುತ್ತದೆ. ಲೂಕನಲ್ಲಿ ಹೆಂಗಸರ ಮಾತು ಶಿಷ್ಯರಿಗೆ ಬರೀ ಹರಟೆ ಅನಿಸುತ್ತದೆ. ಯೋಹಾನನಲ್ಲಿ ಮಗ್ದಲದ ಮರಿಯಳು ಅಳುತ್ತಾ ನಿಂತಿದ್ದಾಳೆ. ಎದುರಿಗೆ ಬಂದವನನ್ನು ತೋಟದವನು ಅಂದುಕೊಳ್ಳುತ್ತಾಳೆ. ಅವಳ ಸಂತೋಷ ಕಣ್ಣೀರು ಒರೆಸಿಕೊಂಡ ಮೇಲೆ ಬಂದದ್ದಲ್ಲ, ಅಳುವಾಗಲೇ ಬಂದದ್ದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ತೋಮನ ಪ್ರಸಂಗ. ಸಾವನ್ನೇ ಗೆದ್ದು ಬಂದವನ ಮೈಮೇಲೆ ಮೊಳೆಯ ಗಾಯ ಹಾಗೇ ಇದೆ. ಇಷ್ಟು ದೊಡ್ಡ ಪವಾಡ ಮಾಡಿದ ದೇವರಿಗೆ ಕೈಯ ಗಾಯ ಮಾಯಿಸೋದು ಕಷ್ಟವಿತ್ತೇ? ಮಾಯಿಸಲಿಲ್ಲ. ಶಿಷ್ಯರು ಅವನನ್ನು ಗುರುತು ಹಿಡಿಯೋದೂ ಆ ಗಾಯದಿಂದಲೇ. ನಾವು ಹೇಳುವ ‘ಮೂವ್ ಆನ್’ ಇದಕ್ಕೆ ತದ್ವಿರುದ್ಧ. ನಮಗೆ ಕಲೆ ಹೋಗಬೇಕು, ಆಮೇಲೆ ಫೋಟೋ ತೆಗೆಯಬೇಕು.

ಯುಗಾದಿಯ ಬೇವು-ಬೆಲ್ಲವೂ ಇದನ್ನೇ ಹೇಳುತ್ತದಲ್ಲ ಅನ್ನಬಹುದು. ಪೂರ್ತಿ ಅಲ್ಲ. ನಮ್ಮಲ್ಲಿ ಕಹಿ-ಸಿಹಿ ಒಂದೇ ತುತ್ತು, ನಿಜ ಹೇಳಬೇಕಂದರೆ ಬೆಲ್ಲ ಜಾಸ್ತಿ ಹಾಕಿಕೊಂಡು ನುಂಗಿಬಿಡ್ತೀವಿ. ಅವರು ಶುಭ ಶುಕ್ರವಾರದ ಕಹಿಯನ್ನು ಪೂರ್ತಿ ತಿನ್ನಬೇಕು, ಏನೂ ನಡೆಯದ ಶನಿವಾರವನ್ನು ಕಳೆಯಬೇಕು. ಎರಡನೇ ಅಲೆ ಕಂಡವರಿಗೆ ಆ ಶನಿವಾರ ಗೊತ್ತು: ಸುಮ್ಮನಾದ ಫೋನು, ಮುಟ್ಟಲೂ ಬಿಡದ ದೇಹ. 

ಆ ವರ್ಷದ ಶನಿವಾರ ರಾತ್ರಿಯೇ ಬೆಂಗಳೂರು ಕರಗ. ಕರಗ ಚೈತ್ರ ಹುಣ್ಣಿಮೆಗೆ. ಈಸ್ಟರ್, ಮಾರ್ಚ್ 21ರಂದು ಅಥವಾ ಅದಾದ ಮೇಲೆ ಬರುವ ಮೊದಲ ಹುಣ್ಣಿಮೆಯ ನಂತರದ ಭಾನುವಾರ. ಎಲ್ಲ ವರ್ಷ ಹೀಗೆ ಕೂಡಿಬರೋದಿಲ್ಲ. ಎರಡು ವರ್ಷ ಜನರಿಲ್ಲದೆ ಮುಗಿದಿದ್ದ ಕರಗ ಅಂದು ತುಂಬಿದ ಪೇಟೆಯಲ್ಲಿ ಹೊರಟಿತು. ದರ್ಗಾಕ್ಕೆ ಹೋಗಬಾರದು ಅನ್ನುವ ಕೂಗೆದ್ದ ವರ್ಷವೂ ಅದೇ. ಕರಗ ಎಂದಿನ ಹಾಗೆ ಮಸ್ತಾನ್ ಸಾಹೇಬರ ದರ್ಗಾಕ್ಕೆ ಹೋಗಿಬಂತು. ಬೀದಿಯಲ್ಲಿ ಮಲ್ಲಿಗೆ ಹೂವು ಇನ್ನೂ ಬಿದ್ದಿರುವಾಗಲೇ ಗೆಳೆಯ ಅಮ್ಮನ ಜೊತೆ ಚರ್ಚಿಗೆ ಹೊರಟಿದ್ದ.

ಸತ್ತವನು ಎದ್ದುಬಂದ ಅನ್ನೋದನ್ನು ನಾನು ಒಪ್ಪಲಾರೆ. ಅದು ಸುಳ್ಳಾದರೆ ನಂಬಿಕೆಯೇ ವ್ಯರ್ಥ ಅಂತ ಪೌಲನೇ ಹೇಳಿಬಿಟ್ಟಿದ್ದಾನೆ, ಆದ್ದರಿಂದ ‘ಅದೆಲ್ಲ ಒಂದು ರೂಪಕ’ ಅಂತ ನಾನು ಜಾರಿಕೊಳ್ಳುವ ಹಾಗೂ ಇಲ್ಲ. ಆದರೂ ನಗೋದಕ್ಕೆ ದುಃಖ ಮುಗಿದಿರಬೇಕು ಅನ್ನುವ ಶರತ್ತನ್ನು ಆ ಕಥೆ ಹಾಕಿಲ್ಲ ಅನ್ನೋದನ್ನು ಮಾತ್ರ ನಾನೂ ಇಟ್ಟುಕೊಳ್ಳಬಲ್ಲೆ.

ಮಧ್ಯಾಹ್ನ ಫೋನ್ ಮಾಡಿದೆ. ಏನು ಹೇಳಬೇಕೋ ತಿಳಿಯದೆ ‘ಊಟ ಆಯ್ತಾ ಆಂಟಿ?’ ಅಂದೆ. ‘ಬಿರಿಯಾನಿ ಮಾಡಿದೀನಿ ಕಣಪ್ಪ, ಅವರಿಗಿಷ್ಟ ಅಂತ ಖಾರ ಜಾಸ್ತಿ ಹಾಕ್ಬಿಟ್ಟೆ, ಇವನು ತಿನ್ನಲ್ಲ ಅಂತಾನೆ, ನೀನಾದ್ರೂ ಬಾ’ ಅಂದರು. ಅಳುತ್ತಿದ್ದರೋ ಖಾರಕ್ಕೆ ಮೂಗು ಸೋರುತ್ತಿತ್ತೋ, ಗೊತ್ತಾಗಲಿಲ್ಲ. ‘ಹ್ಯಾಪಿ ಈಸ್ಟರ್ ಆಂಟಿ’ ಅಂದೆ. ‘ನಿಂಗೂ ಕಣಪ್ಪ’ ಅಂದರು.