ಸಾಲ ಮತ್ತು ಋಣ

ಬಾಬಾಬುಡನ್‌ಗಿರಿಗೆ 17ನೇ ಶತಮಾನದಲ್ಲಿ ಏಳು ಕಾಫಿ ಬೀಜ ಬಂದವೆಂಬ ಐತಿಹ್ಯ ಮಲೆನಾಡಿನ ಬದುಕಾಯಿತು. ಆ ಕಾಫಿಯನ್ನು 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಗೆ ಒಯ್ದು, ಕೆಫೆ ತೆರೆದು, ಹುಡುಗರು ಗಂಟೆಗಟ್ಟಲೆ ಕೂತು ಹರಟುವಂತೆ ಮಾಡಿದವರು ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ.

2019ರ ಜುಲೈ ಕೊನೆಯಲ್ಲಿ ಅವರು ತೀರಿಕೊಂಡಾಗ ಎಲ್ಲೆಡೆ ಅವರ ಕಂಪನಿಯ ಸಾಲದ ಲೆಕ್ಕವೇ ಕೇಳಿಸಿತು. ಒಂದು ಬದುಕನ್ನು ಅದರ ಕೊನೆಯ ದಿನದಿಂದ ಅಳೆಯುವುದು ಧರ್ಮವೆ?

ಸಾಲ ಬೇರೆ, ಋಣ ಬೇರೆ. ಮನುಷ್ಯ ಹುಟ್ಟುತ್ತಲೇ ದೇವಋಣ, ಋಷಿಋಣ, ಪಿತೃಋಣ ಹೊತ್ತು ಬರುತ್ತಾನೆ ಎಂದಿತು ವೈದಿಕ ಪರಂಪರೆ. ಸಾಲಕ್ಕೆ ಪತ್ರವಿದೆ, ಬಡ್ಡಿಯಿದೆ. ಅದನ್ನು ತೀರಿಸಲೇಬೇಕು, ಮುಚ್ಚಿಡಬಾರದು. ಋಣಕ್ಕೆ ಪತ್ರವಿಲ್ಲ. ಸಾವಿರಾರು ಮನೆಗಳ ಒಲೆ ಉರಿಸಿದ ಕೆಲಸ, ಇಬ್ಬರು ಮಕ್ಕಳ ತಂದೆಯಾಗಿ ಬಾಳಿದ ದಿನಗಳು ಯಾವ ಲೆಕ್ಕಪುಸ್ತಕಕ್ಕೂ ಏರುವುದಿಲ್ಲ. ಸಾಲ, ಋಣ ಎರಡನ್ನೂ ಒಟ್ಟಿಗೆ ನೆನೆಯುವುದೇ ನ್ಯಾಯ.

ಸಿದ್ಧಾರ್ಥರನ್ನು ಚೇತನಹಳ್ಳಿ ತೋಟದಲ್ಲಿ ದಹನ ಮಾಡಿದಾಗ ತಂದೆ ಗಂಗಯ್ಯ ಹೆಗ್ಡೆ ಆಸ್ಪತ್ರೆಯಲ್ಲಿದ್ದರು. ತಿಂಗಳೊಳಗೆ ಅವರೂ ಹೋದರು. 2020ರ ಡಿಸೆಂಬರ್‌ನಲ್ಲಿ ಸಿದ್ಧಾರ್ಥರ ಪತ್ನಿ ಮಾಳವಿಕಾ ಹೆಗ್ಡೆ ಕಂಪನಿಯ ಹೊಣೆ ಹೊತ್ತು, ಸಾಲ ಇಳಿಸುವ ಕೆಲಸಕ್ಕೆ ನಿಂತರು.